ಡ್ರೈವರ್ ಕೂತಿದ್ದ, ಕಂಡಕ್ಟರ್ ಓಡಾಡ್ತಿದ್ದ

“ಈಗ ಒಂದು ಸಣ್ಣ ಬ್ರೇಕ್. ಎಲ್ಲೂ ಹೋಗಬೇಡಿ.” ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳ್ತೀನೋ ಲೆಕ್ಕ ಇಟ್ಟಿಲ್ಲ. ಇವತ್ತು ಆ ಮಾತಿನ ಬಗ್ಗೆಯೇ ಮಾತಾಡಬೇಕು.

2025ರ ಜೂನ್-ಜುಲೈ ನೆನಪು ಮಾಡಿಕೊಳ್ಳಿ. ಹಾಸನದಲ್ಲಿ ಹೃದಯಾಘಾತ, ಯುವಕರ ಸಾವು ಅಂತ ನಾವು ಚಾನೆಲ್‌ನವರು ಬೆಳಗ್ಗೆಯಿಂದ ರಾತ್ರಿವರೆಗೆ ತೋರಿಸಿದೆವು. ಜಯದೇವ ಆಸ್ಪತ್ರೆ ಮುಂದಿನ ಕ್ಯೂ ಹನುಮಂತನ ಬಾಲದಂತೆ ಬೆಳೆಯಿತು. ಕೊನೆಗೆ ತಜ್ಞರ ಸಮಿತಿ, ಅಸಹಜ ಏರಿಕೆ ಏನೂ ಕಂಡಿಲ್ಲ ಅಂತ ವರದಿ ಕೊಟ್ಟಿತು. ಆದರೆ ಆ ದಿನಗಳಲ್ಲಿ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಗಂಟೆಗಟ್ಟಲೆ ಅಲ್ಲಾಡದೆ ಈ ಸುದ್ದಿ ನೋಡಿದ ಮನೆಗಳು ಎಷ್ಟಿರಬಹುದು? ಹೃದಯಕ್ಕೆ ಏನಾಗುತ್ತೋ ಅಂತ ಹೆದರಿಕೊಂಡೇ, ಹೃದಯಕ್ಕೆ ಒಳ್ಳೆಯದಲ್ಲದ ಕೆಲಸ ಮಾಡ್ತಿದ್ದೆವು. ಕೂತಿದ್ದೆವು.

ಕೂತರೆ ಏನಾಗುತ್ತೆ? ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದ್ದು ಲಂಡನ್ನಿನ ಬಸ್ಸುಗಳು. ಜೆರೆಮಿ ಮಾರಿಸ್ ಎಂಬ ವೈದ್ಯರು 1949ರಲ್ಲಿ ಅಧ್ಯಯನ ಶುರು ಮಾಡಿದರು. ಸುಮಾರು 31,000 ಸಾರಿಗೆ ನೌಕರರು, ವಯಸ್ಸು 35ರಿಂದ 64. ಡಬಲ್ ಡೆಕರ್ ಬಸ್ಸಿನಲ್ಲಿ ಡ್ರೈವರ್ ಡ್ಯೂಟಿ ಪೂರ್ತಿ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡೋಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಬಸ್ಸು ಒಂದೇ, ರಸ್ತೆ ಒಂದೇ, ಹೊಗೆಯೂ ಒಂದೇ. ಆದರೆ ಹೃದ್ರೋಗ ಡ್ರೈವರ್‌ಗಳಲ್ಲಿ ಹೆಚ್ಚು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮಾರಿಸ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮುಂದೆ ಸಮವಸ್ತ್ರದ ಅಳತೆಗಳನ್ನೂ ತೆಗೆಸಿ ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟ ಮೊದಲಿನಿಂದಲೇ ದಪ್ಪ! ಅಂದರೆ ತಪ್ಪೆಲ್ಲ ಸೀಟಿನದೇ ಅಲ್ಲ ಅನ್ನುವುದನ್ನೂ ಅವರೇ ಜಗತ್ತಿಗೆ ಹೇಳಿದರು.

ಇದು ದೊಡ್ಡವರ ಕಥೆ, ಮಕ್ಕಳಿಗೇನು ಸಂಬಂಧ ಅಂತೀರಾ? ಅದೇ 1953ರಲ್ಲಿ ಇನ್ನೊಂದು ವರದಿ ಬಂತು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿದ್ದರು. ಸರಾಸರಿ ವಯಸ್ಸು 22. ಶೇ. 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಕಣ್ಣಿಗೇ ಕಾಣಿಸುವಂತಿತ್ತು. 22ಕ್ಕೆ ಇಷ್ಟಾಗಿದೆ ಅಂದರೆ ಶುರುವಾಗಿದ್ದು ಯಾವಾಗ? ಹದಿಹರೆಯದಲ್ಲಿ, ಅದಕ್ಕೂ ಮೊದಲೇ ಇರಬಹುದು.

ಅದೇ ದಶಕದಲ್ಲಿ ಅಮೆರಿಕದ ಮನೆಮನೆಗೆ ಟಿವಿ ನುಗ್ಗಿತು. 1950ರಲ್ಲಿ ಜೆನಿತ್ ಕಂಪನಿ ತಂದ ರಿಮೋಟ್‌ನ ಹೆಸರೇನು ಗೊತ್ತಾ? ‘ಲೇಜಿ ಬೋನ್ಸ್’. ಅಂದರೆ ಮೈಗಳ್ಳ! 1956ರಲ್ಲಿ ವೈರ್ ಇಲ್ಲದ ‘ಸ್ಪೇಸ್ ಕಮಾಂಡ್’ ಬಂತು. ಚಾನೆಲ್ ಬದಲಿಸೋಕಾದರೂ ಏಳಬೇಕಿತ್ತು, ಅದೂ ತಪ್ಪಿತು.

ಟಿವಿಯ ಲೆಕ್ಕ ಸಿಕ್ಕಿದ್ದು ನ್ಯೂಜಿಲೆಂಡಿನ ಡನೆಡಿನ್ ಊರಲ್ಲಿ. 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳು ಐದರಿಂದ ಹದಿನೈದು ವರ್ಷದವರೆಗೆ ಎಷ್ಟು ಹೊತ್ತು ಟಿವಿ ನೋಡಿದರು ಅಂತ ಬರೆದಿಟ್ಟು, 26ನೇ ವಯಸ್ಸಿಗೆ ಪರೀಕ್ಷೆ ಮಾಡಿದರು. ಹೆಚ್ಚು ನೋಡಿದವರಲ್ಲಿ ತೂಕ ಹೆಚ್ಚು, ಕೊಲೆಸ್ಟ್ರಾಲ್ ಹೆಚ್ಚು, ಸಿಗರೇಟು ಹೆಚ್ಚು, ದಮ್ಮು ಮಾತ್ರ ಕಡಿಮೆ. ರಕ್ತದೊತ್ತಡದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಮನೆಯ ಆರ್ಥಿಕ ಸ್ಥಿತಿ, ಚಿಕ್ಕಂದಿನ ತೂಕ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. 2004ರ ‘ಲ್ಯಾನ್ಸೆಟ್’ನಲ್ಲಿ ಇದೆ.

ಹಾಗಾದರೆ ಕಡಿಮೆ ಮಾಡಿದರೆ ಲಾಭ ಇದೆಯಾ? ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದು ಶಾಲೆಯ ಮೂರು-ನಾಲ್ಕನೇ ತರಗತಿ ಮಕ್ಕಳಿಗೆ ಹತ್ತು ದಿನ ಟಿವಿ ಬಂದ್ ಮಾಡಿಸಿ, ಆಮೇಲೆ ವಾರಕ್ಕೆ ಏಳು ಗಂಟೆ ಅಂತ ಗುರಿ ಕೊಟ್ಟರು. ಏನೂ ಬದಲಿಸದ ಇನ್ನೊಂದು ಶಾಲೆಯ ಮಕ್ಕಳಿಗಿಂತ ಇವರಲ್ಲಿ ಬೊಜ್ಜು ಕಡಿಮೆ ಬೆಳೆಯಿತು. 1999ರ ಮಾತು.

ನಮ್ಮ ಕಥೆ ತುಸು ಬೇರೆ. 1975-76ರಲ್ಲಿ ಉಪಗ್ರಹದ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರದ ಹಳ್ಳಿಗಳಿಗೆ ಟಿವಿ ಬಂತು. ಊರಿಗೊಂದು ಪೆಟ್ಟಿಗೆ. ಜನ ನಡೆದುಕೊಂಡು ಹೋಗಿ ನೋಡಿ, ನಡೆದುಕೊಂಡೇ ಮನೆಗೆ ಬರುತ್ತಿದ್ದರು. 1987ರಲ್ಲಿ ರಾಮಾಯಣ ನೋಡೋಕೂ ಎಷ್ಟೋ ಜನ ಪಕ್ಕದ ಮನೆಗಾದರೂ ಹೋದರು. 1994ರಲ್ಲಿ ಉದಯ ಟಿವಿ ಬಂತು, ಕೇಬಲ್ ಬಂತು, ಆಮೇಲೆ ದಿನಪೂರ್ತಿ ಸುದ್ದಿ ಕೊಡುವ ನಾವು ಬಂದೆವು. ಈಗ ಹುಡುಗರು ನನ್ನನ್ನೂ ನೋಡಲ್ಲ. ಅಂಗೈಯಲ್ಲಿ ಮೊಬೈಲ್, ಹಾಸಿಗೆ ಮೇಲೆ ದೇಹ. ಪರದೆ ಚಿಕ್ಕದಾಯಿತು, ಕೂರುವುದು ಮಾತ್ರ ಕಡಿಮೆಯಾಗಲಿಲ್ಲ.

ಹದಿಹರೆಯದವರು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಹಾಗೆ ಆಡಬೇಕು, ಓಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಎಷ್ಟು ನಿಮಿಷವನ್ನು ನನ್ನ “ಎಲ್ಲೂ ಹೋಗಬೇಡಿ” ತಿಂದಿದೆಯೋ!

ಹಾಗಂತ ನಾಳೆಯಿಂದ ನಾನು ಆ ಮಾತು ಹೇಳುವುದನ್ನು ಬಿಡ್ತೀನಿ ಅಂತಲ್ಲ. ನನ್ನ ಹೊಟ್ಟೆಪಾಡು ಅದು. ನೀವು ಕೇಳಬೇಡಿ, ಅಷ್ಟೇ. ಬ್ರೇಕ್ ಬಂದ ಕೂಡಲೇ ಮಗನನ್ನೋ ಮಗಳನ್ನೋ ಎಬ್ಬಿಸಿಕೊಂಡು ಬೀದಿಯ ತುದಿವರೆಗೆ ಹೋಗಿ ಬನ್ನಿ. ವಾಪಸ್ ಬರುವಷ್ಟರಲ್ಲಿ ನಾನು ಅದೇ ಸುದ್ದಿಯನ್ನೇ ಹೇಳ್ತಿರ್ತೀನಿ.