ಬರೆಯಬಾರದ ದಿನದ ಹರಕೆ

ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಜನ ಕಿಕ್ಕಿರಿದು ನೆರೆಯುವುದು ಸಬ್ಬತ್ ದಿನಗಳಲ್ಲಿ, ಪರ್ವದಿನಗಳಲ್ಲಿ. ದಾನ ಕೇಳುವುದಕ್ಕೆ ಅದಕ್ಕಿಂತ ತಕ್ಕ ಸಮಯವಿಲ್ಲ. ಆದರೆ ಆ ದಿನಗಳಲ್ಲಿ ಹಣ ಮುಟ್ಟುವಂತಿಲ್ಲ, ಲೇಖನಿ ಹಿಡಿಯುವಂತಿಲ್ಲ. ಕೊಡುವವನು ಮಾತಿನಲ್ಲಿ ಕೊಡಬೇಕು, ಪಡೆಯುವವನು ನೆನಪಿನಲ್ಲಿ ಪಡೆಯಬೇಕು. ಈ ಇಕ್ಕಟ್ಟಿನಲ್ಲಿ ಒಂದು ಸಮುದಾಯ ಹೇಗೆ ದಾರಿ ಮಾಡಿಕೊಂಡಿತು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಸಬ್ಬತ್ತೆಂದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗಿನ ವಿಶ್ರಾಂತಿ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ‘ಮಿಷ್ನಾ’ ಎಂಬ ಧರ್ಮಶಾಸ್ತ್ರ ಅಂದು ಮಾಡಬಾರದ 39 ಬಗೆಯ ಕೆಲಸಗಳನ್ನು ಎಣಿಸುತ್ತದೆ. ಉಳುವುದು, ಬಿತ್ತುವುದು, ನೇಯುವುದು ಇವುಗಳ ಸಾಲಿನಲ್ಲಿಯೇ ಎರಡು ಅಕ್ಷರ ಬರೆಯುವುದೂ ಸೇರಿದೆ. ಎರಡೇ ಏಕೆ? ಇಸ್ರಾಯೇಲ್ಯರು ಅರಣ್ಯದಲ್ಲಿ ಅಲೆಯುತ್ತಿದ್ದಾಗ ದೇವದರ್ಶನದ ಗುಡಾರವನ್ನು ಬಿಚ್ಚಿ ಬಿಚ್ಚಿ ಕಟ್ಟಬೇಕಾಗುತ್ತಿತ್ತು. ಯಾವ ಹಲಗೆಗೆ ಯಾವುದು ಜೋಡಿ ಎಂದು ತಿಳಿಯಲು ಅವುಗಳ ಮೇಲೆ ಅಕ್ಷರದ ಗುರುತು ಹಾಕುತ್ತಿದ್ದರಂತೆ. ಲಿಪಿಯ ವಿಷಯದ ಇಷ್ಟು ದೊಡ್ಡ ನಿಷೇಧಕ್ಕೆ ಬಡಗಿಯ ಗುರುತು ಮೂಲವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಹಾಗಾದರೆ ದಾನದ ಮಾತನ್ನಾದರೂ ಎತ್ತಬಹುದೆ? ಪವಿತ್ರದಿನದಲ್ಲಿ ನಿನ್ನ ವ್ಯವಹಾರದ ಬೆನ್ನು ಹತ್ತಬೇಡವೆಂದು ಪ್ರವಾದಿ ಯೆಶಾಯನು ಹೇಳಿದ್ದುಂಟು. ತಾಲ್ಮುದಿನ ಪಂಡಿತರು ಅಲ್ಲಿನ ‘ನಿನ್ನ’ ಎಂಬ ಮಾತನ್ನು ಹಿಡಿದರು: ನಿಷಿದ್ಧವಾದದ್ದು ನಿನ್ನ ವ್ಯವಹಾರ, ದೇವರ ವ್ಯವಹಾರವಲ್ಲ, ಆದ್ದರಿಂದ ಬಡವರಿಗೆ ಇಷ್ಟು ಕೊಡುವೆನೆಂದು ಸಬ್ಬತ್ತಿನಲ್ಲಿಯೂ ಗೊತ್ತುಮಾಡಬಹುದು. 16ನೆಯ ಶತಮಾನದಲ್ಲಿ ಯೋಸೇಫ್ ಕಾರೋ ರಚಿಸಿದ ‘ಶುಲ್ಹಾನ್ ಆರೂಖ್’ ಈ ನಿರ್ಣಯವನ್ನು ಎತ್ತಿಹಿಡಿಯಿತು. ಆದರೆ ಆಡಿದ ಮೇಲೆ ಬಿಡುಗಡೆಯಿಲ್ಲ. ಹೊತ್ತ ಹರಕೆಯನ್ನು ತಡಮಾಡದೆ ಸಲ್ಲಿಸಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅದಕ್ಕೆ ಹೆದರಿದ ಸಾಧುಗಳು ಇಂದಿಗೂ ದಾನದ ಮಾತಿನ ಜೊತೆಗೆ ‘ಬ್ಲೀ ನೇದೆರ್’, ಇದು ಹರಕೆಯಲ್ಲ ಎಂದು ಸೇರಿಸುತ್ತಾರೆ.

ಸಬ್ಬತ್ತಿನ ಬೆಳಿಗ್ಗೆ ತೋರಾ ಓದುವಾಗ ಏಳು ಮಂದಿಯನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುವುದು ವಾಡಿಕೆ. ಕರೆಸಿಕೊಂಡವನ ಹೆಸರಿನಲ್ಲಿ ಆಶೀರ್ವಚನ ನಡೆಯುತ್ತದೆ. ಅದರ ನಡುವೆ, ಇವನು ಇಂತಿಷ್ಟು ಹರಕೆ ಹೊತ್ತಿದ್ದಾನೆಂಬ ಘೋಷಣೆ. ಹೀಬ್ರೂವಿನ ‘ಷೆನಾದರ್’, ಅಂದರೆ ‘ಹರಕೆ ಹೊತ್ತವನು’, ಎಂಬ ಮಾತಿನಿಂದ ಯಿಡ್ಡಿಷ್ ಭಾಷೆಯಲ್ಲಿ ಹೀಗೆ ದಾನ ಸಾರುವುದಕ್ಕೆ ಒಂದು ಕ್ರಿಯಾಪದವೇ ಹುಟ್ಟಿಕೊಂಡಿತು. ಹಲವೆಡೆ ಈ ಗೌರವಗಳನ್ನು ಹರಾಜಿಗೂ ಇಡುತ್ತಿದ್ದರು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರಿನ ಅಪರಾಹ್ನ ಯೋನನ ಕಥೆಯನ್ನು ಓದುವ ಗೌರವಕ್ಕೆ ಭಾರಿ ಬೆಲೆ. ಇದು ವ್ಯಾಪಾರವೇ ಆಗಲಿಲ್ಲವೆ ಎಂದು ಪಂಡಿತರಲ್ಲಿ ಚರ್ಚೆಯೂ ನಡೆಯಿತು. ನನಗಂತೂ ಈ ಪದ್ಧತಿ ಒಪ್ಪಿಗೆಯಾಗದು. ಸಿರಿವಂತನ ದನಿ ಏರುತ್ತಿರುವಾಗ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವನ ನೆನಪಾಗುತ್ತದೆ. ಆದರೂ ಊರಿನ ಅನಾಥರಿಗೆ, ವಿಧವೆಯರಿಗೆ ಅನ್ನ ಹೊಂದಿಸಬೇಕಾದವನು ಬೇರೇನು ಮಾಡಿಯಾನು?

ಆ ಹೊಣೆ ‘ಗಬ್ಬಾಯ್’ ಎಂಬ ಪಾರುಪತ್ಯಗಾರನದು. ಗಂಟೆಗಟ್ಟಲೆ ಕೂಗಿದ ಹೆಸರುಗಳನ್ನು, ಮೊತ್ತಗಳನ್ನು ಕತ್ತಲಾಗುವವರೆಗೆ ಹೊತ್ತಿರುವುದು ಸಾಮಾನ್ಯವೆ? ಜರ್ಮನ್ ಸೀಮೆಯ ಸಿನಗಾಗುಗಳಲ್ಲಿ ಇದಕ್ಕೆಂದೇ ಹಲಗೆಗಳಿದ್ದವು. ಸದಸ್ಯರ ಹೆಸರುಗಳು, ಅವುಗಳ ಎದುರಿಗೆ ತೂತುಗಳು, ತೂತಿನಲ್ಲಿ ಪೋಣಿಸಲು ದಾರ. ಗಂಟು ಹಾಕುವುದೂ ಆ 39ರಲ್ಲಿ ಒಂದಾದ್ದರಿಂದ ದಾರವನ್ನು ತೂರಿಸಿ ಬಿಡಬೇಕೇ ಹೊರತು ಬಿಗಿಯುವಂತಿಲ್ಲ. 20ನೆಯ ಶತಮಾನದ ಅಮೆರಿಕದಲ್ಲಿ ಮುದ್ರಿತ ಚೀಟಿಗಳು ಬಂದವು. ಅಂಚಿನುದ್ದಕ್ಕೂ ಮೊತ್ತಗಳು, ಬೇಕಾದ ಮೊತ್ತದ ಕಿವಿಯನ್ನು ಮಡಿಸಿದರೆ ಮುಗಿಯಿತು. ಹರಿಯಬಾರದು, ಏಕೆಂದರೆ ಹರಿಯುವುದಕ್ಕೂ ನಿಷೇಧವಿದೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ‘ಹೈ’, ಎಂದರೆ ‘ಜೀವಂತ’, ಎಂಬ ಪದದ ಬೆಲೆ 18. ಆದ್ದರಿಂದ 18, 36 ಎಂದು ಕೊಡುವುದು ಅನೇಕರಿಗೆ ಪ್ರಿಯ. 1951ರಲ್ಲಿ ಇಸ್ರೇಲಿನ ಸಾಲಪತ್ರಗಳ ಮಾರಾಟ ಆರಂಭವಾದ ಮೇಲೆ ಅವುಗಳಿಗೂ ಸಿನಗಾಗುಗಳಲ್ಲಿ ಇಂಥ ಚೀಟಿಗಳೇ ಒದಗಿದವು. ಶನಿವಾರ ರಾತ್ರಿ ಸಬ್ಬತ್ತನ್ನು ಬೀಳ್ಕೊಟ್ಟ ಮೇಲೆ ಗಬ್ಬಾಯ್ ಮಡಿಕೆಗಳನ್ನು ನೋಡಿ ನೋಡಿ ಲೆಕ್ಕದ ಪುಸ್ತಕಕ್ಕೆ ಇಳಿಸುತ್ತಾನೆ. ನಡುವೆ ಒಂದು ಕಿವಿ ತಾನಾಗಿ ನೆಟ್ಟಗಾದರೆ ಯಾವುದೋ ಮನೆಯ ಒಲೆಗೆ ಕುತ್ತು.

ಯೋಮ್ ಕಿಪ್ಪುರಿನ ಹಿಂದಿನ ಸಂಜೆ ಹರಕೆಗಳನ್ನು ರದ್ದುಗೊಳಿಸುವ ‘ಕೋಲ್ ನಿದ್ರೇ’ ಪಾಠ ನಡೆಯುತ್ತದೆ. ಎಷ್ಟೋ ಕಡೆ ಆ ಸಂಜೆಯೇ ದಾನದ ಕರೆಯೂ ಏಳುತ್ತದೆ! ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ಆ ಪಾಠ ಮನ್ನಾ ಮಾಡದೆಂದು ಪಂಡಿತರು ಮೊದಲೇ ಭದ್ರಪಡಿಸಿದ್ದಾರೆ.

ಹಲಗೆ, ದಾರ, ಚೀಟಿ ಯಾವುದೂ ಇಲ್ಲದ ಹರಕೆಯೊಂದರ ಕಥೆ ನಮ್ಮ ನಾಡಿನ ಚರಿತ್ರೆಗೂ ತಾಗಿದೆ. ಕೊಂಕಣದ ಬೆನೆ ಇಸ್ರೇಲ್ ಯೆಹೂದಿ ಸಮುದಾಯದ ಸಾಮುವೇಲ್ ಎಜೆಕಿಯೇಲ್ ದಿವೇಕರ್ ಎಂಬಾತ ಕಂಪನಿಯ ಸೈನ್ಯದಲ್ಲಿ ಅಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಸೆರೆಯಾದ. ಪಾರಾಗಿ ಬಂದರೆ ಮಂದಿರವೊಂದನ್ನು ಕಟ್ಟಿಸುವೆನೆಂದು ಸೆರೆಯಲ್ಲಿಯೇ ಹರಕೆ ಹೊತ್ತನೆಂದು ಅವನ ಜನರ ಐತಿಹ್ಯ. 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ‘ಶಾರ್ ಹರಹಮೀಮ್’, ಕರುಣೆಯ ಬಾಗಿಲು, ಅವನಿಂದ ಎದ್ದಿತು. ಅದಕ್ಕೆ ತೋರಾ ಸುರುಳಿಗಳನ್ನು ತರಲೆಂದು ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲಿಯೇ ತೀರಿಕೊಂಡ.