ಗಡಿ ದಾಟಿದ ಜ್ವರ, ಲೆಕ್ಕಕ್ಕೆ ಬಾರದ ಬೆಕ್ಕು

ನವಾಪುರ ರೈಲು ನಿಲ್ದಾಣದ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ಅರ್ಧ ಮಹಾರಾಷ್ಟ್ರ, ಅರ್ಧ ಗುಜರಾತ್. ಸೂರತ್ತಿನಿಂದ ಆ ದಾರಿಯಲ್ಲಿ ಹೋದವರು ನೋಡಿರುತ್ತೀರಿ. ಭಾರತದಲ್ಲಿ ಎಚ್5ಎನ್1 ಹಕ್ಕಿಜ್ವರ ಮೊದಲು ಪತ್ತೆಯಾದದ್ದು 2006ರ ಫೆಬ್ರುವರಿಯಲ್ಲಿ, ಇದೇ ನವಾಪುರದ ಕೋಳಿ ಫಾರಂಗಳಲ್ಲಿ. ಕೆಲವೇ ದಿನಗಳಲ್ಲಿ ಗುಜರಾತಿನ ಉಚ್ಛಲ್‌ನಲ್ಲೂ ಕಾಣಿಸಿಕೊಂಡಿತು. ಲಕ್ಷಗಟ್ಟಲೆ ಕೋಳಿಗಳನ್ನು ಕೊಂದು ಹೂತರು. ವಡೋದರಾ ಪಕ್ಕದ ಕೊಯಾಲಿಯಲ್ಲಿದ್ದ ನಾವು ಆಗ ಒಬ್ಬರನ್ನೊಬ್ಬರು ಕೇಳಿಕೊಂಡದ್ದು ಒಂದೇ: ಕೋಳಿ ತಿನ್ನಬಹುದಾ? ಬೆಕ್ಕಿನ ನೆನಪು ನಮಗ್ಯಾರಿಗೂ ಬರಲಿಲ್ಲ.

ಅದೇ ತಿಂಗಳ ಕೊನೆಗೆ ಜರ್ಮನಿಯ ರ‍್ಯೂಗನ್ ದ್ವೀಪದಲ್ಲಿ ಸತ್ತು ಬಿದ್ದಿದ್ದ ಒಂದು ಬೆಕ್ಕಿನಲ್ಲಿ ಇದೇ ವೈರಸ್ ಸಿಕ್ಕಿತು. ಯುರೋಪು ಬೆಚ್ಚಿತು. ಥಾಯ್ಲೆಂಡಿನವರಿಗೆ ಮಾತ್ರ ಇದು ಹೊಸತಲ್ಲ. 2003ರ ಕೊನೆಯಲ್ಲಿ ಅಲ್ಲಿನ ಸುಫನ್‌ಬುರಿ ಮೃಗಾಲಯದ ಎರಡು ಹುಲಿ, ಎರಡು ಚಿರತೆ ಹಸಿ ಕೋಳಿ ತಿಂದು ಸತ್ತಿದ್ದವು. ಮರುವರ್ಷ ಶ್ರೀರಾಚಾದ ಹುಲಿ ಮೃಗಾಲಯದಲ್ಲಿ ಸತ್ತವು, ದಯಾಮರಣ ಕೊಟ್ಟವು ಸೇರಿ 147 ಹುಲಿಗಳು ಹೋದವು.

ಅಲ್ಲಿಯವರೆಗೆ ಪುಸ್ತಕಗಳು ಹೇಳುತ್ತಿದ್ದದ್ದು ಬೆಕ್ಕಿಗೆ ಫ್ಲೂ ಕಾಯಿಲೆ ಬರುವುದಿಲ್ಲ ಎಂದು. 2004ರಲ್ಲಿ ರಾಟರ್‌ಡ್ಯಾಮಿನ ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು. ಸೋಂಕಿದ ಕೋಳಿಮರಿ ತಿಂದ ಬೆಕ್ಕಿಗೂ ಜ್ವರ ಬಂತು, ಸೋಂಕಿದ ಬೆಕ್ಕುಗಳ ಜೊತೆಗಿಟ್ಟ ಆರೋಗ್ಯವಂತ ಬೆಕ್ಕಿಗೂ ಹರಡಿತು. ಈ ವೈರಸ್ ಅಂಟಿಕೊಳ್ಳುವುದು ಶ್ವಾಸಕೋಶದ ಆಳದಲ್ಲಿ. ಮನುಷ್ಯರಲ್ಲೂ ಹಾಗೆಯೇ. ನನ್ನನ್ನು ತಡೆದು ನಿಲ್ಲಿಸಿದ್ದು ಈ ಹೋಲಿಕೆ. ನಮ್ಮ ಮಡಿಲಲ್ಲಿ ಮಲಗುವ ಪ್ರಾಣಿ, ಕೋಳಿ ಅಂಗಡಿಯ ಮುಂದೆಯೂ ಕಾಯುವ ಪ್ರಾಣಿ ಅದು.

2016ರಲ್ಲಿ ನ್ಯೂಯಾರ್ಕಿನ ಬೆಕ್ಕುಗಳ ಆಶ್ರಯಧಾಮಗಳಲ್ಲಿ ಎಚ್7ಎನ್2 ಎಂಬ ಇನ್ನೊಂದು ಹಕ್ಕಿಜ್ವರ ಹರಡಿ, ಚಿಕಿತ್ಸೆ ಕೊಡುತ್ತಿದ್ದ ಒಬ್ಬ ಪಶುವೈದ್ಯರಿಗೂ ತಗುಲಿತು. ಅದು ಸೌಮ್ಯವಾಗಿತ್ತು, ಬಿಡಿ. ನಾಗಪುರದ ಗೋರೆವಾಡಾದಲ್ಲಿ ಹಾಗಾಗಲಿಲ್ಲ: 2024ರ ಕೊನೆಗೆ ಮೂರು ಹುಲಿ, ಒಂದು ಚಿರತೆ ಸತ್ತವು. ಎಚ್5ಎನ್1 ಎಂದು 2025ರ ಜನವರಿಯಲ್ಲಿ ಖಚಿತವಾಯಿತು. ಅದೇ ಹೊತ್ತಿಗೆ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲೂ ಸಿಕ್ಕಿತು. ಸ್ವಲ್ಪ ದಿನಕ್ಕೆ ಊರಿನ ಸುದ್ದಿ: ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ.

ಅಮ್ಮನಿಗೆ ಫೋನ್ ಮಾಡಿ, ಹಿತ್ತಲಿನ ಬೆಕ್ಕಿಗೆ ಹಸಿ ಕೋಳಿಯ ಚೂರು ಹಾಕಬೇಡ ಅಂದೆ. "ಇಷ್ಟು ವರ್ಷ ತಿಂದು ಬದುಕಿಲ್ವೇನೋ?" ಅಂದರು. ನವಾಪುರದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಬೇಯಿಸಿ ಹಾಕ್ತೀನಿ. ಆದರೆ ಅದು ಹಕ್ಕಿ ಹಿಡಿಯೋದನ್ನ ಯಾರು ಬಿಡಿಸ್ತಾರೆ?" ಅಂತ ಕೇಳಿದರು.