ಮನೆಯ ಇಸ್ಪೀಟು ಕೂಟಕ್ಕೆ ಪಾನೀಯದ ಆಯ್ಕೆ: ಕ್ಯಾಸಿನೊ ಸೊಬಗಿಗೆ ಕುಷ್ಟಗಿಯ ದಾಳಿಂಬೆ

ಕೊಪ್ಪಳ: ಹಸಿರು ಬಟ್ಟೆ ಹೊದಿಸಿದ ಮೇಜು, ಕೆಂಪು-ಕಪ್ಪು ಎಲೆಗಳು, ಬಣ್ಣದ ಬಿಲ್ಲೆಗಳು, ಕೈಯಲ್ಲೊಂದು ಗಾಜಿನ ಲೋಟ. ಕ್ಯಾಸಿನೊ ಎಂದೊಡನೆ ಕಣ್ಣ ಮುಂದೆ ನಿಲ್ಲುವ ಚಿತ್ರವಿದು. ಹುಟ್ಟುಹಬ್ಬ, ಹೊಸ ವರ್ಷ ಅಥವಾ ದೀಪಾವಳಿಯ ನೆಪದಲ್ಲಿ ಇದೇ ಸೊಬಗನ್ನು ಮನೆಗೆ ತರಲು ಬಯಸುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಲೋಟದಲ್ಲಿ ಏನಿರಬೇಕು ಎಂಬುದು. ಆಯ್ಕೆ ಕೇವಲ ರುಚಿಯದಲ್ಲ. ಕೂಟ ನಗುನಗುತ್ತಾ ಮುಗಿಯುವುದೋ ಜಗಳದಲ್ಲಿ ಒಡೆಯುವುದೋ ಎಂಬುದು ಬಹುಮಟ್ಟಿಗೆ ಲೋಟವನ್ನೇ ಅವಲಂಬಿಸಿದೆ.

ಹಬ್ಬದ ಆಟ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಕ್ಕೆ ಇಸ್ಪೀಟು ಹೊಸತಲ್ಲ. ನಾಗರ ಪಂಚಮಿಯಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ, ದೀಪಾವಳಿಯಲ್ಲಿ ಎಲೆ ಹಾಕುವ ಆಟ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದವು. ಕಾರ್ತಿಕ ಶುದ್ಧ ಪಾಡ್ಯಕ್ಕೆ ದ್ಯೂತ ಪ್ರತಿಪದೆ ಎಂಬ ಹೆಸರೂ ಉಂಟು. ಅಂದು ಶಿವ-ಪಾರ್ವತಿಯರು ಪಗಡೆಯಾಡಿದರೆಂಬ ನಂಬಿಕೆ ಅದರ ಹಿಂದಿದೆ. ಅದೇ ಪಾಡ್ಯದಂದು ಈ ಸೀಮೆಯ ಅನೇಕ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ ಪೂಜಿಸುತ್ತಾರೆ. ಪಗಡೆಯಲ್ಲಿ ರಾಜ್ಯವನ್ನೇ ಕಳೆದುಕೊಂಡವರನ್ನು ಪೂಜಿಸಿದ ದಿನವೇ ಹಣ ಕಟ್ಟಿ ಆಟಕ್ಕೆ ಕೂರುವುದು ವಿಪರ್ಯಾಸವೇ ಸರಿ. ಹಬ್ಬದ ದಿನಗಳಲ್ಲಿ ಅಂದರ್-ಬಾಹರ್ ಅಡ್ಡೆಗಳ ಮೇಲೆ ಪೊಲೀಸರು ದಾಳಿ ನಡೆಸುವುದೂ, ದುಡಿದ ಹಣ ಒಂದೇ ರಾತ್ರಿಯಲ್ಲಿ ಕರಗುವುದೂ ಈ ಭಾಗದವರಿಗೆ ತಿಳಿಯದ ಸಂಗತಿಗಳಲ್ಲ.

ಆದ್ದರಿಂದ ಮನೆಯ ಕೂಟದಲ್ಲಿ ಎರಡು ಪದಾರ್ಥಗಳು ಒಟ್ಟಿಗೆ ಸೇರದಂತೆ ನೋಡಿಕೊಳ್ಳಬೇಕು. ಒಂದು ಮೇಜಿನ ಮೇಲಿನ ಹಣ, ಇನ್ನೊಂದು ಲೋಟದೊಳಗಿನ ಅಮಲು.

ಕ್ಯಾಸಿನೊದ ಲೋಟ, ಮನೆಯ ಲೋಟ

ಕರ್ನಾಟಕದಲ್ಲಿ ಕ್ಯಾಸಿನೊಗಳಿಗೆ ಅವಕಾಶವಿಲ್ಲ. ನೆರೆಯ ಗೋವಾದಲ್ಲಿ 1976ರ ಜೂಜು ಕಾಯ್ದೆಗೆ ಮುಂದೆ ತಂದ ತಿದ್ದುಪಡಿಗಳ ಮೂಲಕ ಅನುಮತಿ ನೀಡಲಾಗಿದ್ದು, ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳಲ್ಲಿ ಆಟ ನಡೆಯುತ್ತದೆ. ಅಲ್ಲಿನ ಪ್ರವೇಶ ಶುಲ್ಕದಲ್ಲಿ ಊಟದೊಂದಿಗೆ ಮದ್ಯವೂ ಸೇರಿರುವುದು ಸಾಮಾನ್ಯ. ಇದು ಉದಾರತೆಯಲ್ಲ, ವ್ಯಾಪಾರದ ಲೆಕ್ಕ. ಅಮಲೇರಿದಂತೆ ಎಚ್ಚರ ತಗ್ಗುತ್ತದೆ, ಪಣ ಏರುತ್ತದೆ, ಸೋತವನು ಏಳುವುದನ್ನು ಮರೆಯುತ್ತಾನೆ. ಮನೆಯವರ ಲೆಕ್ಕ ಇದಕ್ಕೆ ತೀರಾ ವಿರುದ್ಧವಾಗಿರಬೇಕು. ಅತಿಥಿಯ ಬುದ್ಧಿ ಕೊನೆಯ ಎಲೆಯವರೆಗೂ ನಿಚ್ಚಳವಾಗಿದ್ದು, ಆತ ಸುರಕ್ಷಿತವಾಗಿ ಮನೆ ಸೇರುವಂತಹ ಪಾನೀಯವೇ ಮನೆಯ ಮೇಜಿಗೆ ತಕ್ಕದ್ದು.

ಕ್ಯಾಸಿನೊ ಎಂದಾಗ ನೆನಪಾಗುವ ಕಾಕ್‌ಟೇಲ್‌ಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಮಾರ್ಟಿನಿಯಲ್ಲಿ ಇರುವುದು ಜಿನ್ ಮತ್ತು ವರ್ಮೂತ್ ಮಾತ್ರ. ನೀರಿಲ್ಲ, ಹಣ್ಣಿನ ರಸವಿಲ್ಲ. ಇಯಾನ್ ಫ್ಲೆಮಿಂಗ್ ಅವರು 1953ರ 'ಕ್ಯಾಸಿನೊ ರೊಯಾಲ್' ಕಾದಂಬರಿಯಲ್ಲಿ ಜೇಮ್ಸ್ ಬಾಂಡ್‌ನಿಂದ ಹೇಳಿಸಿದ ವೆಸ್ಪರ್ ಇನ್ನೂ ಖಡಕ್ಕಾದುದು: ಮೂರು ಅಳತೆ ಜಿನ್, ಒಂದು ಅಳತೆ ವೋಡ್ಕಾ, ಅರ್ಧ ಅಳತೆ ಕೀನಾ ಲಿಲೆ. ಅಳತೆಯನ್ನು 30 ಮಿ.ಲೀ. ಎಂದು ಹಿಡಿದರೆ ಒಂದೇ ಲೋಟದಲ್ಲಿ ನಾಲ್ಕು ಸ್ಮಾಲ್ ಪೆಗ್‌ಗಿಂತ ಹೆಚ್ಚು ಮದ್ಯ ಸೇರಿತು. ಕಾದಂಬರಿಯ ನಾಯಕನಿಗೆ ಅದು ಒಪ್ಪೀತು. ರಾತ್ರಿ ಬೈಕ್ ಹತ್ತಿ ಊರು ಸೇರಬೇಕಾದ ಅತಿಥಿಗೆ ಖಂಡಿತ ಒಪ್ಪದು.

ಪಂಚದಿಂದ ಪಂಚ್

ಒಂದು ದೊಡ್ಡ ಪಾತ್ರೆಯಲ್ಲಿ ಕಲಸಿ ಎಲ್ಲರಿಗೂ ಬಡಿಸುವ ಪಂಚ್ ಎಂಬ ಪಾನೀಯ ಕೂಟಗಳಿಗೆ ಹೇಳಿಮಾಡಿಸಿದ್ದು. ಅದರ ಹೆಸರಿನ ಮೂಲ ನಮ್ಮ 'ಪಂಚ' ಎಂಬ ಪದವೇ ಎಂಬುದು ಬಹುಜನ ಒಪ್ಪಿದ ಅಭಿಪ್ರಾಯ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದರ ಮಿಶ್ರಣವನ್ನು 17ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಾವಿಕರು ಇಲ್ಲಿಂದ ಇಂಗ್ಲೆಂಡಿಗೆ ಒಯ್ದರು. ಈ ಐದರಲ್ಲಿ ಮದ್ಯವನ್ನು ತೆಗೆದರೆ ಉಳಿಯುವುದು ಬಹುತೇಕ ನಮ್ಮ ಪಾನಕವೇ.

ಒಂದು ಲೀಟರ್ ನೀರಿಗೆ 150ರಿಂದ 200 ಗ್ರಾಂ ಬೆಲ್ಲ, ಎರಡು ನಿಂಬೆಹಣ್ಣಿನ ರಸ, ಅರ್ಧ ಚಮಚ ಒಣಶುಂಠಿ ಪುಡಿ, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲ ಕರಗಿದ ಮೇಲೆ ಸೋಸಿ ತಂಪಾಗಿಸಿದರೆ ಐದಾರು ಲೋಟ ಆಗುತ್ತದೆ. ಬಡಿಸುವ ಮುನ್ನ ತೆಳುವಾಗಿ ಕೊಯ್ದ ನಿಂಬೆಯ ಬಿಲ್ಲೆಗಳನ್ನು ತೇಲಿಬಿಟ್ಟರೆ ನೋಟಕ್ಕೂ ಅಂದ.

ನಾಲ್ಕು ಬಣ್ಣದ ಪಾನೀಯಗಳು

ಕ್ಯಾಸಿನೊ ಸೊಬಗು ಇರುವುದು ಬಣ್ಣದಲ್ಲಿ. ಆ ಬಣ್ಣಗಳಿಗೆ ದೂರ ಹೋಗಬೇಕಿಲ್ಲ.

ಕೆಂಪು: ಕಾಕ್‌ಟೇಲ್‌ಗಳಿಗೆ ಕೆಂಪು ಬಣ್ಣ ಕೊಡುವ ಗ್ರೆನಡೀನ್ ಎಂಬ ಪಾಕ ಮೂಲತಃ ದಾಳಿಂಬೆಯದು. ಫ್ರೆಂಚ್ ಭಾಷೆಯಲ್ಲಿ ದಾಳಿಂಬೆಗೆ ಗ್ರೆನಾಡ್ ಎನ್ನುತ್ತಾರೆ. ಬಾಟಲಿಯಲ್ಲಿ ಸಿಗುವ ಪಾಕದಲ್ಲಿ ಹಲವು ವೇಳೆ ಬಣ್ಣ ಮತ್ತು ಸಕ್ಕರೆಯೇ ಹೆಚ್ಚು. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ತೋಟಗಳಲ್ಲಿ ಬೆಳೆಯುವ ಭಗವಾ ತಳಿಯ ಹಣ್ಣು ಕೈಗೆಟುಕುವಾಗ ಬಾಟಲಿ ಏಕೆ? ಸುಮಾರು ಒಂದು ಕಿಲೊ ಹಣ್ಣಿನ ಕಾಳುಗಳನ್ನು ಬಟ್ಟೆಯಲ್ಲಿ ಹಿಂಡಿ ಕಾಲು ಲೀಟರ್ ರಸ ತೆಗೆಯಬೇಕು. ಮಿಕ್ಸರ್‌ನಲ್ಲಿ ನುಣ್ಣಗೆ ರುಬ್ಬಿದರೆ ಬೀಜ ಒಡೆದು ಒಗರಾಗುತ್ತದೆ. ರಸಕ್ಕೆ 250 ಗ್ರಾಂ ಸಕ್ಕರೆ ಬೆರೆಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಸಕ್ಕರೆ ಕರಗುವವರೆಗೆ ಇಟ್ಟು, ಇಳಿಸಿ ಒಂದು ನಿಂಬೆಹಣ್ಣಿನ ರಸ ಹಿಂಡಬೇಕು. ಪಾಕ ತಣ್ಣಗಾದ ಮೇಲೆ ಫ್ರಿಜ್‌ನಲ್ಲಿಟ್ಟರೆ ಒಂದೆರಡು ವಾರ ಕೆಡದು. ಲೋಟಕ್ಕೆ 30 ಮಿ.ಲೀ. ಪಾಕ, 15 ಮಿ.ಲೀ. ನಿಂಬೆರಸ, 150 ಮಿ.ಲೀ. ಸೋಡಾ. ಸಿಪ್ಪೆಯ ಮೇಲೆ ಕಲೆಯಿದ್ದು ಕಾಳು ಗಟ್ಟಿಯಾಗಿರುವ, ವ್ಯಾಪಾರಿಗಳು ಬೇರ್ಪಡಿಸಿದ ಅಗ್ಗದ ಹಣ್ಣೂ ಇದಕ್ಕೆ ಸಾಕು. ಬಿರಿದು ಬೂಸ್ಟು ಹಿಡಿದ ಹಣ್ಣು ಮಾತ್ರ ಬೇಡ.

ಕಪ್ಪು: ಕರಿದ್ರಾಕ್ಷಿಯ ರಸ 60 ಮಿ.ಲೀ., ಹುರಿದ ಜೀರಿಗೆ ಪುಡಿ ಮತ್ತು ಸೈಂಧವ ಲವಣ ಚಿಟಿಕೆಯಷ್ಟು, ಮೇಲೆ 120 ಮಿ.ಲೀ. ಸೋಡಾ. ಮಳೆಗಾಲದ ಮೊದಲ ದಿನಗಳಲ್ಲಾದರೆ ದ್ರಾಕ್ಷಿಗೆ ಬದಲು ನೇರಳೆ ಹಣ್ಣು.

ಹಸಿರು: ಹತ್ತು ಹನ್ನೆರಡು ಪುದೀನ ಎಲೆ, ಎರಡು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು. ಲೋಟದಲ್ಲೇ ಹಗುರವಾಗಿ ಜಜ್ಜಿ ಐಸ್ ಮತ್ತು ಸೋಡಾ ತುಂಬಬೇಕು. ಇದು ಕ್ಯೂಬಾದ ಮೊಹಿತೊ ಕ್ರಮ. ಎಲೆ ಪೂರ್ತಿ ಅರೆದರೆ ಕಹಿಯಾಗುತ್ತದೆ.

ಬಿಳಿ: ಶುಂಠಿ, ಕರಿಬೇವು, ಕೊತ್ತಂಬರಿ ಜಜ್ಜಿ ಹಾಕಿದ ತೆಳು ಮಜ್ಜಿಗೆ. ಸಕ್ಕರೆ ಕಾಯಿಲೆ ಇರುವವರಿಗೆ ಮೇಲಿನ ಸಿಹಿ ಪಾನೀಯಗಳಿಗಿಂತ ಇದು ಲೇಸು. ಮಿರ್ಚಿ, ಮಂಡಕ್ಕಿ, ಖಾರದ ತಿನಿಸುಗಳಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ನೀರು ಮತ್ತು ಐಸ್

ಪಾನೀಯದ ಅರ್ಧಕ್ಕೂ ಹೆಚ್ಚು ಭಾಗ ನೀರೇ. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕವಿರುವುದು ಬಹುಕಾಲದ ಸಮಸ್ಯೆ. ಕುದಿಸುವುದರಿಂದ ಅದು ಹೋಗುವುದಿಲ್ಲ. ಫ್ಲೋರೈಡಿನ ಹಾನಿ ವರ್ಷಾನುಗಟ್ಟಲೆ ಕುಡಿಯುವುದರಿಂದ ಆಗುವಂಥದು, ಒಂದು ಸಂಜೆಯದಲ್ಲ. ಆದರೂ ಗಡುಸು ನೀರು ನಿಂಬೆ, ಪುದೀನದ ರುಚಿಯನ್ನು ಕೆಡಿಸುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಪಾನಕಕ್ಕೂ ಐಸ್‌ಗೂ ಬಳಸುವುದು ಉತ್ತಮ. ಮೀನು ಮುಂತಾದವನ್ನು ಕೆಡದಂತಿಡಲು ಮಾರುವ ಐಸ್ ಗಡ್ಡೆಯನ್ನು ಲೋಟಕ್ಕೆ ಹಾಕಬಾರದು. ಹೊರಗಿನಿಂದ ಲೋಟ, ಬಾಟಲಿಗಳನ್ನು ತಂಪಾಗಿಸಲು ಮಾತ್ರ ಅದು ಸರಿ.

ಹತ್ತು ಜನರ, ಮೂರು ಗಂಟೆಗಳ ಕೂಟಕ್ಕೆ ತಲಾ ಮೂರು ಲೋಟದಂತೆ 30 ಲೋಟ, ಅಂದರೆ ಸುಮಾರು ಆರು ಲೀಟರ್ ಪಾನೀಯ ಸಾಕಾಗುತ್ತದೆ. ಇದರ ಜೊತೆಗೆ ನಾಲ್ಕೈದು ಕಿಲೊ ಐಸ್ ಮತ್ತು ಕುಡಿಯಲು ಬರಿಯ ನೀರು ಬೇರೆಯಾಗಿ ಇರಬೇಕು.

ಮದ್ಯ ಬೇಕೆನ್ನುವವರಿಗೆ ಅಳತೆ

ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಪೂರ್ಣ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೂ ಬಡಿಸುವುದೆಂದಾದರೆ ಕಣ್ಣಂದಾಜು ಬೇಡ, ಅಳತೆಯ ಲೋಟ ಇರಲಿ. ಶೇ 42.8ರಷ್ಟು ಆಲ್ಕೋಹಾಲ್ ಇರುವ ಜಿನ್, ರಮ್, ವೋಡ್ಕಾಗಳ 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 40 ಗ್ರಾಂ. ಬಿಯರ್ ಹಗುರ ಎಂಬ ಭಾವನೆ ತಪ್ಪೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. 10 ಗ್ರಾಂ ಕರಗಿಸಲು ಯಕೃತ್ತಿಗೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕು. ತಣ್ಣೀರು ಸ್ನಾನ, ಕಾಫಿ, ಮಜ್ಜಿಗೆ ಯಾವುದೂ ಆ ವೇಗವನ್ನು ಹೆಚ್ಚಿಸಲಾರವು.

ಮೇಲೆ ಹೇಳಿದ ಕೆಂಪು ಪಾನೀಯಕ್ಕೆ 30 ಮಿ.ಲೀ. ಜಿನ್, ಹಸಿರಿಗೆ 30 ಮಿ.ಲೀ. ಬಿಳಿ ರಮ್ ಸೇರಿಸಬಹುದು. ಅದಕ್ಕಿಂತ ಹೆಚ್ಚು ಬೇಡ. ಒಂದು ಸಂಜೆಗೆ ಎರಡು ಲೋಟಕ್ಕೆ ನಿಲ್ಲಿಸಿ, ನಡುವೆ ಒಂದು ಮದ್ಯರಹಿತ ಲೋಟ ಕೊಡುವುದು ವಿವೇಕ. ದೊಡ್ಡ ಪಾತ್ರೆಗೆ ಮದ್ಯ ಸುರಿಯಲೇಬಾರದು. ಯಾರು ಎಷ್ಟು ಕುಡಿದರೆಂಬ ಲೆಕ್ಕ ಆಗ ತಪ್ಪುತ್ತದೆ, ಮಕ್ಕಳ ಕೈಗೂ ಸಿಗುತ್ತದೆ. ಮದ್ಯವಿರುವ ಮತ್ತು ಇಲ್ಲದ ಲೋಟಗಳ ಆಕಾರ ಬೇರೆಬೇರೆ ಇದ್ದರೆ ಕೈತಪ್ಪು ಆಗದು. ಗರ್ಭಿಣಿಯರು, ವಾಹನ ಓಡಿಸುವವರು, ನಿದ್ರೆ ಮಾತ್ರೆ ಅಥವಾ ಸಕ್ಕರೆ ಕಾಯಿಲೆಯ ಔಷಧ ಸೇವಿಸುವವರಿಗೆ ಒತ್ತಾಯ ಸಲ್ಲದು. ಕುಡಿಯುವುದನ್ನು ಬಿಟ್ಟವರ ಮುಂದೆ ಲೋಟ ಹಿಡಿಯುವುದು ಸ್ನೇಹವಲ್ಲ.

ಕಾನೂನಿನ ಗೆರೆ

ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 79 ಮತ್ತು 80 ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆನ್ನುತ್ತವೆ. ರಸ್ತೆ ಮೊದಲಾದ ಸಾರ್ವಜನಿಕ ಸ್ಥಳದಲ್ಲಿ ಆಡಿದರೆ ಕಲಂ 87 ಅನ್ವಯಿಸುತ್ತದೆ. ಕೇವಲ ಕೌಶಲದ ಆಟಗಳಿಗೆ ಕಲಂ 176ರಲ್ಲಿ ವಿನಾಯಿತಿ ಇದೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲಿ ಹೇಳಿದರೂ ಮೂರೆಲೆ ಆಟವನ್ನು ಅದೃಷ್ಟದಾಟವೆಂದೇ ಬಗೆಯಿತು. ಅಂದರ್-ಬಾಹರ್ ಕೂಡ ಅದೃಷ್ಟದಾಟವೇ. ಮನೆಯವರು ಆಟದ ಹಣದಲ್ಲಿ ಪಾಲು ಪಡೆದರೆ ಅಥವಾ ಜಾಗಕ್ಕೆ, ಎಲೆಗೆ ಶುಲ್ಕ ವಸೂಲು ಮಾಡಿದರೆ ಮನೆ ಜೂಜಿನ ಮನೆಯೆನಿಸುವ ಅಪಾಯವಿದೆ. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ.

ಲೋಟಕ್ಕೂ ಕಾನೂನಿದೆ. ಸನ್ನದು ಇಲ್ಲದೆ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರಡಿ ಅಪರಾಧ. ಅತಿಥಿಗಳಿಂದ ಲೋಟಕ್ಕಿಷ್ಟೆಂದು ಹಣ ಪಡೆದರೆ ಅದೂ ಮಾರಾಟವೇ ಆದೀತು. ರಾಜ್ಯದ ಸನ್ನದು ನಿಯಮಗಳಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮನೆಯಲ್ಲೂ ಅದನ್ನೇ ಗೆರೆಯಾಗಿ ಇಟ್ಟುಕೊಳ್ಳುವುದು ಯುಕ್ತ. ಗೋವಾದಲ್ಲಿ ಮಾತ್ರ ಮಾರಾಟಕ್ಕೆಂದು ನಮೂದಿಸಿದ ಬಾಟಲಿಗಳನ್ನು ಪರವಾನಗಿ ಇಲ್ಲದೆ ರಾಜ್ಯದೊಳಗೆ ತರುವಂತಿಲ್ಲ. ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷಿದ್ಧ. ಮುಚ್ಚಳದ ಮುದ್ರೆ ಒಡೆದ, ಮೂಲ ತಿಳಿಯದ ಬಾಟಲಿಯಲ್ಲಿ ಪ್ರಾಣಾಪಾಯವೇ ಇರಬಹುದು.

ಕುಡಿದು ವಾಹನ ಓಡಿಸಿ, ರಕ್ತದ 100 ಮಿ.ಲೀ.ನಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಕಂಡುಬಂದರೆ ಮೋಟಾರು ವಾಹನ ಕಾಯ್ದೆಯ ಕಲಂ 185ರಡಿ ಶಿಕ್ಷೆಯುಂಟು. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ.

ಹುಣಸೆ ಬೀಜದ ಪಣ

ಹಣದ ಜಾಗದಲ್ಲಿ ಕವಡೆ, ಹುಣಸೆ ಬೀಜ ಅಥವಾ ಬಣ್ಣದ ಬಿಲ್ಲೆಗಳನ್ನು ಎಲ್ಲರಿಗೂ ಸಮನಾಗಿ ಹಂಚಿ, ಕೊನೆಗೆ ಹೆಚ್ಚು ಉಳಿಸಿಕೊಂಡವರಿಗೆ ಒಂದು ಕಿನ್ನಾಳದ ಗೊಂಬೆಯನ್ನೋ ಒಂದು ಬುಟ್ಟಿ ದಾಳಿಂಬೆಯನ್ನೋ ಉಡುಗೊರೆಯಾಗಿ ಕೊಡಬಹುದು. ಮನೆಯ ಹೆಣ್ಣುಮಕ್ಕಳೂ ಹಿರಿಯರೂ ಆಗ ಸಂಕೋಚವಿಲ್ಲದೆ ಆಟಕ್ಕೆ ಕೂರಬಲ್ಲರು. ಸೋತವರು ಕಳೆದುಕೊಳ್ಳುವುದು ಹುಣಸೆ ಬೀಜವನ್ನು ಮಾತ್ರ. ಕಟಾವಿನ ಹಣವಾಗಲಿ, ತಿಂಗಳ ಸಂಬಳವಾಗಲಿ ಇದ್ದಲ್ಲೇ ಉಳಿಯುತ್ತದೆ.